ಮೋಟರಿನ ಕೆಂಪು ಹಗ್ಗ

ಇದು ನಡೆದದ್ದು ಹಾಡಹಗಲಲ್ಲಿ, ನಾನು ದೋಣಿ ಮೋಟರ್ ರಿಪೇರಿ ಮಾಡುವ ನನ್ನ ಹಿತ್ತಲಲ್ಲೇ. ಕುಡಿಯುವ ಚಟ ನನಗಿಲ್ಲ.

ದೋಣಿಯ ಮೋಟರಿಗೆ ಒಂದು ಕೆಂಪು ಹಗ್ಗವಿರುತ್ತದೆ. ಒಂದು ತುದಿಯ ಕ್ಲಿಪ್ ಮೋಟರಿಗೆ, ಇನ್ನೊಂದು ತುದಿಯ ಕುಣಿಕೆ ನಡೆಸುವವನ ಕೈಗೆ. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತುಬಂದು ಮೋಟರ್ ನಿಲ್ಲುತ್ತದೆ. “ಈ ರಗಳೆ ಬೇಡ, ಏನಾದ್ರೂ ಮಾಡಪ್ಪ” ಎಂದು ಮೀನುಗಾರ ಗೆಳೆಯನೊಬ್ಬ ಕೇಳಿದಾಗ, ಕುಣಿಕೆ ಕೈಗೆ ಹಾಕದೆಯೇ ಓಡಿಸಲಿ ಎಂದು ಆ ಕ್ಲಿಪ್ಪನ್ನು ಕಿತ್ತುಬರದಂತೆ ತಂತಿಯಿಂದ ಬಿಗಿದುಕೊಟ್ಟವನು ನಾನೇ. ತಿಂಗಳೊಳಗೆ ಅವನು ನೀರಿಗೆ ಬಿದ್ದ. ದೋಣಿ ಅವನನ್ನು ಬಿಟ್ಟು ಮುಂದೆ ಹೋಯಿತು.

ಮೋಟರನ್ನು ಅವನ ಹೆಂಡತಿ ತಂದಳು. “ಶುರುವಾಗತ್ತೆ, ಆಮೇಲೆ ತಾನೇ ನಿಂತುಬಿಡತ್ತೆ ಅಣ್ಣ. ಯಾರೂ ಕೊಳ್ತಿಲ್ಲ.”

ನೀರಿನ ಡ್ರಮ್ಮಿಗೆ ಕೂರಿಸಿ ಶುರು ಮಾಡಿದೆ. ಸರಿಯಾಗಿ ನಾಲ್ಕು ನಿಮಿಷ ಓಡಿ ನಿಂತಿತು. ಪ್ಲಗ್, ಕಾರ್ಬುರೇಟರ್ ಎಲ್ಲ ನೆಟ್ಟಗಿದ್ದವು. ಕ್ಲಿಪ್ ಮಾತ್ರ ನೆಲದ ಮೇಲೆ ಬಿದ್ದಿತ್ತು. ನಾನು ತಿರುಚಿದ್ದ ತಂತಿ ಬಿಚ್ಚಿಕೊಂಡಿತ್ತು. ಇಕ್ಕಳ ಹಿಡಿದು ಮತ್ತೆ ಬಿಗಿದೆ. ನಾಲ್ಕು ನಿಮಿಷಕ್ಕೆ ಮತ್ತೆ ಅದೇ ಪಾಡು. ಕುಣಿಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡ್ರಮ್ಮಿನ ನೀರು ಅಲ್ಲಿಯವರೆಗೆ ಹಾರುವುದಿಲ್ಲ.

ಕೊನೆಗೆ ಕುಣಿಕೆಯನ್ನು ನನ್ನ ಕೈಗೇ ಹಾಕಿಕೊಂಡೆ. ತಣ್ಣಗಿತ್ತು. ಮೋಟರ್ ಒಂದು ಗಂಟೆ ಒಮ್ಮೆಯೂ ಕೆಮ್ಮದೆ ಓಡಿತು.

“ಊಟಕ್ಕೆ ಬರ್ತೀರೋ, ಅದನ್ನೇ ಕಟ್ಕೊಂಡು ಕೂತಿರ್ತೀರೋ?” ಎಂದು ನನ್ನ ಹೆಂಡತಿ ಒಳಗಿನಿಂದ ಕೂಗಿದಳು.

ಕೈ ಬಿಡಿಸಿಕೊಂಡೆ. ಕ್ಲಿಪ್ ಇದ್ದಲ್ಲೇ ಇತ್ತು. ಮೋಟರ್ ನಿಂತಿತು.

ಅದನ್ನು ವಾಪಸ್ ಕೊಟ್ಟು ಆರು ತಿಂಗಳಾಯಿತು. ನಿನ್ನೆ ಬೇರೆ ಯಾರೋ ಹಳೇ ಮೋಟರೊಂದನ್ನು ತಂದರು, ಕೆಂಪು ಹಗ್ಗ ಸಿಕ್ಕಿಸುವ ಜಾಗವೇ ಇಲ್ಲದ ಕಾಲದ್ದು. ಅದೂ ನಾಲ್ಕೇ ನಿಮಿಷ ಓಡಿತು.