ಕಾಣೆಯಾದ ಒಂದೂವರೆ ತಾಸು

"ಮಾವಶಿ, ಸಂಜಿಯೊಳಗ ಸರ ಸಿಗಲಿಲ್ಲಂದ್ರ ನನ್ನ ತಮ್ಮನ ನಿಕಾಹ್ ಮುರೀತೈತ್ರಿ!" ಎನ್ನುತ್ತ ಶಬಾನಾ ಹೊಸ್ತಿಲಲ್ಲೇ ಕುಸಿದಳು.

ಉಗಾರ ಬುದ್ರುಕದಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಊರಿಗೆಲ್ಲ ಮಾವಶಿಯಾದ ಸಕ್ಕುಬಾಯಿಯ ಮನೆಗೆ. ಹದಿನೆಂಟು ವರ್ಷ ಎಸ್‌ಟಿಡಿ ಬೂತ್ ನಡೆಸಿದ ಹೆಂಗಸು. ಊರಿನ ಗುಟ್ಟೆಲ್ಲ ಆಕೆಯ ಕಿವಿ ಹಾದೇ ಹೋಗಿತ್ತು. ಪಕ್ಕದ ಮನೆಯ ಮಾಳೇಶ ಎಮ್ಮೆಗೆ ಹಾಕಬೇಕಿದ್ದ ಹುಲ್ಲನ್ನು ಕೈಯಲ್ಲಿ ಹಿಡಿದೇ ಓಡಿ ಬಂದ. ತಾನಿಲ್ಲದಿದ್ದರೆ ಮಾವಶಿಯ ಪತ್ತೇದಾರಿಕೆ ಒಂದು ಹೆಜ್ಜೆಯೂ ಸಾಗದೆಂದು ಅವನ ನಂಬಿಕೆ.

ಶಬಾನಾಳ ತಮ್ಮ ಆಸಿಫ ನಿನ್ನೆ ದುಬೈಯಿಂದ ಬಂದಿದ್ದ. ನಾಳೆ ಬಾಳಾಸಾಬರ ಮಗಳು ತಸ್ಲೀಮಳ ಜೊತೆ ಅವನ ನಿಕಾಹ್. ದುಬೈಯಲ್ಲಿರುವ ಬಾಳಾಸಾಬರ ಮಗ ತಂಗಿಗೆಂದು ಅವನ ಕೈಯಲ್ಲೇ ಬಂಗಾರದ ಸರ ಕಳಿಸಿದ್ದ. ಮನೆಯಲ್ಲಿ ಡಬ್ಬಿ ತೆರೆದರೆ ಖಾಲಿ.

"ವಿಮಾನ ಹತ್ತಕ್ಕ ಬಿಟ್ಟೈತಿ. ಮುಂಬೈಗೆ ಸಾವಿರದ ಒಂಬೈನೂರು ಕಿಲೋಮೀಟರ್, ಮೂರು ತಾಸು ಹತ್ತು ಮಿನಿಟಂತ ಮೊಬೈಲ್‌ನ್ಯಾಗ ತೋರಸ್ತೈತಿ. ಅಂದ್ರ ಒಂದು ಹತ್ತಕ್ಕ ಇಳೀಬೇಕು. ಇಂವಾ ಎರಡು ನಲವತ್ತಕ್ಕ ಫೋನ್ ಮಾಡಿ 'ಈಗ ಇಳದೆ' ಅಂದಾನ. ನಡುವಿನ ಒಂದೂವರಿ ತಾಸಿನ್ಯಾಗ ಸರ ಮಾರ್‍ಯಾನಂತ ಎಲ್ಲಾರೂ ಅನ್ನಾಕತ್ತಾರ್ರಿ," ಎಂದಳು ಶಬಾನಾ.

"ಈ ಲೆಕ್ಕ ಹಾಕಿದವ್ರು ಯಾರು?" ಸಕ್ಕುಬಾಯಿ ಕೇಳಿದಳು.

"ಬಾಳಾಸಾಬರ ಅಕ್ಕನ ಮಗ ಅರ್ಮಾನ. ನಾಕು ವರ್ಷ ದುಬೈನ್ಯಾಗ ಕ್ರೇನ್ ಓಡಿಸಿ ಬಂದಾನ. ಮುಂಬೈಯಿಂದ ಆಸಿಫನ್ನ ತನ್ನ ಗಾಡ್ಯಾಗ ಕರ್ಕೊಂಡು ಬಂದಂವಾನೂ ಅಂವಾನ. ದಾರ್‍ಯಾಗ ನಮಾಜಿಗಷ್ಟ ನಿಂತಾರಂತ."

ಮಾಳೇಶ ಬೆರಳು ಮಡಚಿ ಎರಡು ಸಲ ಎಣಿಸಿದ. ಲೆಕ್ಕ ಸರಿಯಾಗಿಯೇ ಇತ್ತು! ಆಸಿಫ ಅವನ ಜೊತೆ ಶಾಲೆ ಕಲಿತವನು. ಕಳ್ಳನೆಂದರೆ ಮನಸ್ಸು ಒಪ್ಪದು. ಮಾವಶಿ ಮಾತ್ರ ಸೆರಗು ಕೊಡವಿ ಎದ್ದಳು.

ಬಾಳಾಸಾಬರ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಆಸಿಫ ಗೋಡೆಗೊರಗಿ ನಿಂತಿದ್ದ; ಗದ್ದಲದಲ್ಲಿ ಅವನ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

"ಬಾಳಾಸಾಬ, ಮಗಗ ಫೋನ್ ಹಚ್ಚಿ, ಅಲ್ಲಿ ಈಗ ಎಷ್ಟು ಟೈಮಂತ ಕೇಳ್ರಿ," ಎಂದಳು ಸಕ್ಕುಬಾಯಿ.

ಇಲ್ಲಿ ಐದು ಗಂಟೆ; ಅಲ್ಲಿ ಮೂರೂವರೆ.

"ಕೇಳಿದ್ರಿಲ್ಲ? ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರಿ ತಾಸು ಹಿಂದ ಐತಿ. ಅಲ್ಲಿ ಹತ್ತಂದ್ರ ಇಲ್ಲಿ ಹನ್ನೊಂದೂವರಿ. ಅದಕ್ಕ ಮೂರು ತಾಸು ಹತ್ತು ಮಿನಿಟ್ ಕೂಡಸ್ರಿ. ಎರಡು ನಲವತ್ತು! ಹುಡುಗ ಖರೇನ ಆಗ ಇಳದಾನ. ಗಾಬರ್‍ಯಾಗ ನೀವು ಮರತ್ರಿ. ನಾಕು ವರ್ಷ ಅಲ್ಲಿದ್ದಂವಾ ಹೆಂಗ ಮರೀತಾನ? ಅರ್ಮಾನ, ಗೊತ್ತಿದ್ದೂ ತಪ್ಪು ಲೆಕ್ಕ ಹಾಕಿದಿ. ಮಂದಿ ಕಣ್ಣು ಮುಂಬೈ ಮ್ಯಾಲ ಇದ್ರ ನಿನ್ನ ಗಾಡಿ ಯಾರೂ ನೋಡೂದಿಲ್ಲ. ಆಸಿಫ ನಮಾಜಿಗೆ ಇಳದಾಗ ಚೀಲ ಯಾರ ಹತ್ರ ಇತ್ತು? ಗಾಡಿ ಕೀಲಿ ಕೊಡು."

ಅರ್ಮಾನ ಕಿಸೆ ಒತ್ತಿ ಹಿಡಿದ. ಮಾಳೇಶ ಕೀಲಿ ಕಸಿದುಕೊಂಡು ಓಡಿದ. ಡ್ರೈವರ್ ಸೀಟಿನ ಅಡಿ, ಗಾಜು ಒರೆಸುವ ಬಟ್ಟೆಯೊಳಗೆ ಸರ ಸಿಕ್ಕಿತು.

"ರೊಕ್ಕದ ಆಸೆಗಲ್ಲ, ಮಾಮಾ," ಅರ್ಮಾನ ತಲೆ ತಗ್ಗಿಸಿದ. "ತಸ್ಲೀಮನ್ನ ನನಗ ಕೊಡ್ತೀರಂತ ತಿಳದಿದ್ದೆ."

ಆಸಿಫ ಒಳಬಾಗಿಲ ಕಡೆ ನೋಡಿದ.

"ತಸ್ಲೀಮ, ನೀನೂ ನಂಬಿದೇನು?"

"ನಂಬಿದೆ," ಎಂದವಳು ಅತ್ತುಬಿಟ್ಟಳು.

ಆಸಿಫ ಮಾಳೇಶನ ಕೈಯಿಂದ ಸರ ತೆಗೆದುಕೊಂಡು ಅವಳ ಕೈಗಿಟ್ಟ.

"ನಾಳೆ ನಿಕಾಹ್ ಆಗ್ಲಿ," ಎಂದ. "ಆದ್ರ ಇನ್ನೊಮ್ಮೆ ಯಾರರ ನನ್ನ ಬಗ್ಗೆ ಏನರ ಹೇಳಿದ್ರ, ಮೊದಲ ನನ್ನ ಕೇಳು."