ನಿತೀಶ ಬಿಟ್ಟ ಸಿಗಡಿಮರಿ

ತುಂಗಾತಾಯಿಯ ಆಣೆ, ಇದು ನಡೆದದ್ದೇ. ನಂಬದವರು ಬಸರೀಕಟ್ಟೆಯ ಜೀಪುಗಳನ್ನೇ ಕೇಳಿ.

ಎರಡು ಸಾವಿರದ ಆರನೇ ಇಸವಿ, ಮಳೆ ಹಿಡಿದ ಹೊಸತು. ಪಕ್ಕದ ನಾರ್ವೆ ಹಳ್ಳಿಯ ಜ್ಯೋತ್ಸ್ನಾ ಊರೆಲ್ಲ ನಗುವಾಗಲೂ ಹಟ ಹಿಡಿದು ಹೊಂಡ ತೋಡಿಸಿ ಮೀನು ಸಾಕಲು ಹೊರಟಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಮೀನುಮರಿ ತಂದುಕೊಟ್ಟವನು ಬಸರೀಕಟ್ಟೆಯ ಜೀಪು ಡ್ರೈವರ್ ನಿತೀಶ. ಅವಳು ಕೊಡೆಯಂಚಿನಿಂದ ಒಮ್ಮೆ ನಕ್ಕಳು. ಆ ನಗು ಇನ್ನೊಮ್ಮೆ ಬೇಕೆನಿಸಿತು. ಅಲ್ಲೇ ಅವನು ಕೆಟ್ಟ.

ಮರುದಿನ ಗದ್ದೆ ಬದಿಯ ಗುಂಡಿಯಿಂದ ಹದಿನೈದು ಹುಳ ಹಿಡಿದು ತಂದ. ಬೆರಳುದ್ದ, ಬಾಗಿದ ಮೈ, ಆರು ಕಾಲು, ಬಾಯಲ್ಲಿ ಕುಡುಗೋಲಿನಂಥ ಎರಡು ಕೊಂಡಿ. ತುಂಗೆಯ ಸಿಗಡಿಮರಿ ಎಂದ. ಮೊಳಕೈಯುದ್ದ ಬೆಳೆದು, ತಾವೇ ನಡೆದು ಕೊಪ್ಪದ ಸಂತೆಗೆ ಹೋಗುತ್ತವೆ ಎಂದೂ ಸೇರಿಸಿದ. ಅವಳು ಹುಬ್ಬೇರಿಸಿ ಅವನನ್ನೇ ನೋಡುತ್ತ ಹೊಂಡಕ್ಕೆ ಬಿಡಿಸಿಕೊಂಡಳು.

ವಾರದಲ್ಲಿ ಮೀನುಮರಿ ಒಂದೂ ಉಳಿಯಲಿಲ್ಲ. ಅದು ನೀರುಜೀರುಂಡೆಯ ಮರಿ, ಕಚ್ಚಿ ರಸ ಹೀರುವ ಜಾತಿ ಎಂದು ಗದ್ದೆ ಕೆಲಸದ ಸೀತಕ್ಕ ಅವನ ಕಿವಿಯಲ್ಲಿ ಹೇಳಿದಾಗ ನಿತೀಶನ ಮುಖ ಸುಟ್ಟಂತಾಯಿತು. ಅಂದಿನಿಂದ ನಾರ್ವೆ ದಾರಿ ಬಿಟ್ಟ. ಅವಳ ಹಳದಿ ಕೊಡೆ ದೂರದಲ್ಲಿ ಕಂಡರೂ ತಲೆ ಸ್ಟಿಯರಿಂಗಿನ ಕೆಳಗೆ ಹೋಗುತ್ತಿತ್ತು. ಜೀಪೇ ಪಾಪ, ತಿರುವು ನೋಡಿಕೊಂಡು ಹೋಗುತ್ತಿತ್ತು.

ಒಂದೂವರೆ ತಿಂಗಳ ಮೇಲೆ, ಮಳೆ ಬಿಟ್ಟ ಮುಸ್ಸಂಜೆ, ಅವನು ಸ್ಟ್ಯಾಂಡಿನಲ್ಲಿ ಜೀಪು ತೊಳೆದು ನಿಲ್ಲಿಸಿದ್ದ. ಕಪ್ಪು ಬಾನೆಟ್ ಕೆರೆಯಂತೆ ಹೊಳೆಯುತ್ತಿತ್ತು. ಟಕ್ ಎಂದು ಒಂದು ಹುಳ ಬಿತ್ತು. ಮತ್ತೊಂದು. ಎಣಿಸಿದರೆ ಸರಿಯಾಗಿ ಹದಿನೈದು. ಹುಣಸೆಬೀಜದಂಥ ನುಣುಪು ಬೆನ್ನು, ಅಂಚಿಗೆ ಹಳದಿ ಜರಿ, ದೋಣಿಯ ಹುಟ್ಟಿನಂಥ ಹಿಂಗಾಲು. ನೀರೆಂದೇ ನಂಬಿ ತಗಡಿನ ಮೇಲೆ ಈಜುತ್ತಿದ್ದವು.

"ನಿಮ್ಮ ಸಿಗಡಿ ಸಂತೆಗೆ ಹೊರಟ್ವಲ್ಲ ಮಾರಾಯ್ರೆ." ಹಿಂದೆ ಜ್ಯೋತ್ಸ್ನಾ ನಿಂತಿದ್ದಳು.

ಅವನು ನೆಲ ನೋಡಿದ. "ಅದು ಸಿಗಡಿ ಅಲ್ಲ. ಎಂತ ಹುಳ ಅಂತ ನಂಗೆ ಅವತ್ತು ಗೊತ್ತೇ ಇರ್ಲಿಲ್ಲ. ನೀವು ಇನ್ನೊಂದ್ಸಲ ನಗ್ಲಿ ಅಂತ ಸುಳ್ಳು ಹೇಳ್ದೆ."

ಅವಳಿಗೆ ಎರಡನೇ ದಿನವೇ ತಿಳಿದಿತ್ತಂತೆ, ಹಿಡಿದು ತೆಗೆಯಲು ಹೋದರೆ ಒಂದೂ ಕೈಗೆ ಸಿಗಲಿಲ್ಲವಂತೆ. ಅವು ದಂಡೆಯ ಕೆಸರಿನಲ್ಲಿ ಗೂಡು ಮಾಡಿ ಮಲಗಿದ್ದು, ರೆಕ್ಕೆ ಬಂದು ಎದ್ದದ್ದು, ಎಲ್ಲ ನೋಡಿದ್ದಳಂತೆ. ಊರವರು ಕೇಳಿದರೆ ಕೊಕ್ಕರೆ ತಿಂದಿತು ಎಂದು ಇವನ ಮಾನ ಮುಚ್ಚಿದ್ದಳಂತೆ. ಅದನ್ನು ಕೇಳಿ ಅವನು ಇನ್ನಷ್ಟು ಕುಗ್ಗಿಹೋದ.

ಅವಳು ಒಂದು ಹುಳವನ್ನು ಬಕೆಟ್ಟಿನ ನೀರಿಗೆ ಬಿಟ್ಟಳು. ಅದು ಮುಳುಗಿತು, ಸ್ವಲ್ಪ ಹೊತ್ತಿಗೆ ಹಿಂಬದಿ ಮೇಲೆ ಮಾಡಿ ಬಂದು, ರೆಕ್ಕೆಯಡಿ ಗಾಳಿ ತುಂಬಿಕೊಂಡಿತು.

"ನೋಡು, ಉಸಿರಿಗೆ ಅಂತ ಹುಳನೂ ಮೇಲೆ ಬರ್ತದೆ. ನೀನು ಒಂದೂವರೆ ತಿಂಗಳು ಮುಳುಗೇ ಇದ್ಯಲ್ಲ ಮಾರಾಯ. ನಾನು ದಂಡೆ ಮೇಲೆ ಕಾಯ್ತಾ ಕೂತಿದ್ದೆ."

ಹೇಳಿ ನಕ್ಕಳು. ಅದೇ ನಗು. ಮತ್ತೆ ಮೀನುಮರಿ ತರಲು ಮುಂದಿನ ಸೀಟಿನಲ್ಲಿ ಕೂತು ಅವಳೂ ಹೋದಳು.

ನನ್ನ ಕತೆಯಾಯಿತು, ಈಗ ನಿಮ್ಮ ಸರದಿ. ಯಾರ ನಗುವಿಗಾಗಿ, ಯಾವ ಹೊಂಡಕ್ಕೆ, ನೀವು ಎಂಥ ಹುಳ ಬಿಟ್ಟಿದ್ದೀರಿ? ಹೇಳದೆ ಇಲ್ಲಿಂದ ಏಳುವಂತಿಲ್ಲ.