ಚಿಕ್ಕಬೈರಪ್ಪನವರ ಹೆಬ್ಬೆಟ್ಟು

ಇದು ೧೯೮೪ರಲ್ಲಿ, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗ, ಹಾಡಹಗಲಲ್ಲಿ ಕಣ್ಣಾರೆ ಕಂಡದ್ದು.

ಅಬ್ಬಿಗೆರೆಯ ಚಿಕ್ಕಬೈರಪ್ಪನವರು ನಮ್ಮ ಹಳೇ ಲೇತ್ ಕೆಲಸಗಾರರು. ಒಂದೊಂದು ತುಂಡು ಕಡೆದು ಮುಗಿಸಿದಾಗಲೂ ಅದರ ಮೇಲೊಮ್ಮೆ ಹಳೇ ಗಾಯದ ಗೆರೆಯಿದ್ದ ಹೆಬ್ಬೆರಳು ಒತ್ತಿ, ನುಣುಪು ನೋಡಿಯೇ ಕೆಳಗಿಡುತ್ತಿದ್ದರು. ಎಂಜಿನಿಯರುಗಳು ಒಂದು ತಿಂಗಳು ಪಕ್ಕದಲ್ಲೇ ನಿಂತು, ಅವರ ಕೈಚಳಕವನ್ನೆಲ್ಲ ಬರೆದುಕೊಂಡು ಹೊಸ ಆಟೊಮ್ಯಾಟಿಕ್ ಯಂತ್ರಕ್ಕೆ ಕಲಿಸಿದರು. ಹೆಬ್ಬೆರಳಿನದೊಂದನ್ನು ಬಿಟ್ಟರು, ಯಂತ್ರಕ್ಕೆ ಬೆರಳೆಲ್ಲಿ? ಚಿಕ್ಕಬೈರಪ್ಪನವರನ್ನು ಗೇಟ್ ಕಾಯಲು ಹಾಕಿದರು.

ಯಂತ್ರ ಚೆನ್ನಾಗಿಯೇ ನಡೆಯಿತು. ಆದರೆ ಪ್ರತಿ ತುಂಡು ಮುಗಿದಾಗಲೂ ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿತ್ತು. ಮುಚ್ಚಳ ತೆಗೆದರೆ ತುಂಡಿನ ಎಣ್ಣೆಯ ಮೇಲೆ ಒಂದು ಹೆಬ್ಬೆಟ್ಟು. ನಡುವೆ ಓರೆಯಾಗಿ ಗಾಯದ ಗೆರೆ.

ಗೇಟಿಗೆ ಹೋಗಿ, “ಒಳಗೇನಾದ್ರೂ ಬಂದಿದ್ರಾ ಚಿಕ್ಕಬೈರಪ್ಪನೋರೇ?” ಎಂದೆ.

“ಇಲ್ಲ ಸಾಮಿ, ಬೆಳಗಿಂದ ಇಲ್ಲೇ ಕುಂತಿವ್ನಿ. ಈ ಬೆರಳು ಮಾತ್ರ ಆಗಾಗ ಬಿಸಿ ಆಯ್ತದೆ.”

ಅವರಿಗೆ ಸಹಿ ಬಾರದು. ದಿನಾ ಹಾಜರಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಹಾಜರಿ ಪುಸ್ತಕ ತೆಗೆದು ನೋಡಿದೆ. ಗೇಟಿಗೆ ಬರುವ ಮುಂಚಿನ ಹೆಬ್ಬೆಟ್ಟುಗಳಲ್ಲಿ ಗೆರೆಗಳಿದ್ದವು, ಗಾಯವೂ ಇತ್ತು. ಯಂತ್ರ ಶುರುವಾದ ದಿನದಿಂದ ಈಚೆಗೆ ಬರೀ ಶಾಯಿಯ ಮಚ್ಚೆ. ಒಂದು ಗೆರೆಯೂ ಇಲ್ಲ.